ಅಡುಗೆಮನೆ ಮೇಜಿನ ಮೇಲೊಂದು ಆಪರೇಷನ್: ವಿಲಿಯಂ ಹಾಲ್‌ಸ್ಟೆಡ್ ಕಥೆ

ಮನೆಯಲ್ಲಿ ಯಾರಿಗಾದ್ರೂ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಗೊತ್ತಾದ್ರೆ ಇವತ್ತು ನಾವು ತುಂಬಾ ಗಾಬರಿ ಆಗಲ್ಲ. ಸ್ಕ್ಯಾನ್ ಮಾಡಿಸ್ತೀವಿ, ಡಾಕ್ಟರು ಡೇಟ್ ಕೊಡ್ತಾರೆ, ಹೊಟ್ಟೆ ಮೇಲೆ ಮೂರ್ನಾಲ್ಕು ಸಣ್ಣ ತೂತು ಮಾಡಿ ಪಿತ್ತಕೋಶವನ್ನೇ ತೆಗೀತಾರೆ. ಒಂದೆರಡು ದಿನಕ್ಕೆ ರೋಗಿ ಮನೆಗೆ ಬಂದು ಗಂಜಿ ಕುಡೀತಾ ಕೂತಿರ್ತಾರೆ. 1882ರಲ್ಲಿ ಇದೇ ಕಾಯಿಲೆ ಬಂದವರ ಗತಿ ಬೇರೆ ಇತ್ತು. ಜ್ವರ, ಕಾಮಾಲೆ, ಹೊಟ್ಟೆಯ ಬಲಭಾಗದಲ್ಲಿ ತಡೆಯಲಾರದ ನೋವು, ಆಮೇಲೆ ಕೀವು ತುಂಬಿ ಸಾವು. ಹೊಟ್ಟೆ ತೆರೆದು ಆಪರೇಷನ್ ಮಾಡೋದು ಅಂದ್ರೆ ಹೆಚ್ಚಿನ ವೈದ್ಯರ ದೃಷ್ಟಿಯಲ್ಲಿ ರೋಗಿಯನ್ನ ಕೊಂದ ಹಾಗೆ.

ಆ ವರ್ಷ ಅಮೆರಿಕದ ಆಲ್ಬನಿ ಊರಿನ ಒಂದು ಮನೆಯಲ್ಲಿ ಇದೇ ಲಕ್ಷಣಗಳಿಂದ ಒಬ್ಬ ಮಹಿಳೆ ಸಾಯೋ ಸ್ಥಿತಿಯಲ್ಲಿದ್ದರು. ನ್ಯೂಯಾರ್ಕಿನಿಂದ ಅವರ ಮಗ ಓಡಿ ಬಂದ. ಅವನೂ ಸರ್ಜನ್, ವಯಸ್ಸು ಮೂವತ್ತರ ಆಸುಪಾಸು. ರಾತ್ರಿ ಸುಮಾರು ಎರಡು ಗಂಟೆಗೆ ಅಡುಗೆಮನೆ ಮೇಜಿನ ಮೇಲೆ ತಾಯಿಯನ್ನ ಮಲಗಿಸಿ, ಪಿತ್ತಕೋಶವನ್ನ ಕೊಯ್ದು ಕೀವು ಹೊರಗೆ ಬಿಟ್ಟ. ಒಳಗಿದ್ದ ಏಳು ಕಲ್ಲುಗಳನ್ನ ತೆಗೆದ. ತಾಯಿ ಬದುಕಿದರು. ಅಮೆರಿಕದಲ್ಲಿ ಪಿತ್ತಕೋಶದ ಮೇಲೆ ನಡೆದ ಮೊದಮೊದಲ ಆಪರೇಷನ್‌ಗಳಲ್ಲಿ ಇದೂ ಒಂದು. ಅದೇ ವರ್ಷ ಜುಲೈ 15ರಂದು ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಅನ್ನೋ ಸರ್ಜನ್ ಮೊದಲ ಸಲ ಇಡೀ ಪಿತ್ತಕೋಶವನ್ನೇ ತೆಗೆದುಹಾಕಿದ.

ಆಲ್ಬನಿಯ ಆ ಮಗನ ಹೆಸರು ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್. ಇವತ್ತಿನ ಆಪರೇಷನ್ ಥಿಯೇಟರಿನಲ್ಲಿ ನಾವು ಕಾಣೋ ಎಷ್ಟೋ ಸಂಗತಿಗಳ ಮೂಲ ಹುಡುಕ್ತಾ ಹೋದ್ರೆ ಕೊನೆಗೆ ಸಿಗೋದು ಈತನೇ. ನಲವತ್ತು ವರ್ಷ ಆದ್ಮೇಲೆ ಈತನ ಪ್ರಾಣ ತೆಗೆದದ್ದೂ ಪಿತ್ತದ ಕಲ್ಲೇ.

ಲೈಬ್ರರಿ ಕಡೆ ತಲೆ ಹಾಕದ ಹುಡುಗ

ಹಾಲ್‌ಸ್ಟೆಡ್ ಹುಟ್ಟಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕಿನಲ್ಲಿ. ಅಪ್ಪನಿಗೆ ಬಟ್ಟೆ ವ್ಯಾಪಾರ, ದುಡ್ಡಿಗೆ ಕೊರತೆ ಇರಲಿಲ್ಲ. ಯೇಲ್‌ನಲ್ಲಿ ಓದುವಾಗ ಹುಡುಗನಿಗೆ ಫುಟ್‌ಬಾಲ್ ಹುಚ್ಚು, ಟೀಮ್ ಕ್ಯಾಪ್ಟನ್ ಕೂಡ ಆಗಿದ್ದ. ನಾಲ್ಕು ವರ್ಷದಲ್ಲಿ ಕಾಲೇಜ್ ಲೈಬ್ರರಿಯಿಂದ ಒಂದೇ ಒಂದು ಪುಸ್ತಕವನ್ನೂ ತೆಗೆದುಕೊಂಡಿರಲಿಲ್ಲವಂತೆ. ಕೊನೆ ವರ್ಷದಲ್ಲಿ ಮಾತ್ರ ಅಂಗರಚನೆ ಮತ್ತು ಶರೀರಕ್ರಿಯೆಯ ಪುಸ್ತಕ ಕೊಂಡು ಓದಿದ. ಅಲ್ಲಿಂದ ಮನಸ್ಸು ವೈದ್ಯಕೀಯದ ಕಡೆ ತಿರುಗಿತು.

1877ರಲ್ಲಿ ನ್ಯೂಯಾರ್ಕಿನಲ್ಲಿ ಎಂಡಿ ಮುಗಿಸಿ, ಮರುವರ್ಷ ಯುರೋಪಿಗೆ ಹೋದ. ಆ ಕಾಲಕ್ಕೆ ಒಳ್ಳೆಯ ಸರ್ಜರಿ ಕಲಿಯಬೇಕು ಅಂದ್ರೆ ವಿಯೆನ್ನಾ ಮತ್ತು ಜರ್ಮನ್ ಊರುಗಳಿಗೇ ಹೋಗಬೇಕಿತ್ತು. ಅಲ್ಲಿ ಸರ್ಜನ್‌ಗಳು ಪ್ರಯೋಗಾಲಯದಲ್ಲಿ ಕೂತು ಮೈಕ್ರೋಸ್ಕೋಪ್ ನೋಡ್ತಿದ್ದರು, ಪ್ರಾಣಿಗಳ ಮೇಲೆ ಮೊದಲು ಪರೀಕ್ಷೆ ಮಾಡ್ತಿದ್ದರು, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗುತ್ತಿದ್ದರು. ಅಮೆರಿಕದಲ್ಲಿ ಇದ್ಯಾವುದೂ ಇರಲಿಲ್ಲ. ನೋಡಿಕೊಂಡು ಬಂದ ಹಾಲ್‌ಸ್ಟೆಡ್‌ಗೆ ಆ ವ್ಯತ್ಯಾಸ ಕೊನೆವರೆಗೂ ಮರೆಯಲಿಲ್ಲ.

1880ರಲ್ಲಿ ವಾಪಸ್ ಬಂದವನು ಹಗಲೂ ರಾತ್ರಿ ದುಡಿದ. ಧೈರ್ಯ ಜಾಸ್ತಿ. 1881ರಲ್ಲಿ ಹೆರಿಗೆಯಾದ ತಂಗಿಗೆ ರಕ್ತಸ್ರಾವ ನಿಲ್ಲದೆ ಪ್ರಾಣ ಹೋಗೋ ಹಾಗಾದಾಗ, ತನ್ನದೇ ರಕ್ತ ತೆಗೆದು ಅವಳಿಗೆ ಕೊಟ್ಟ. ರಕ್ತದ ಗುಂಪುಗಳು ಇವೆ ಅನ್ನೋದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯೋಕೆ ಇನ್ನೂ ಇಪ್ಪತ್ತು ವರ್ಷ ಬೇಕಿತ್ತು. ಗುಂಪು ಹೊಂದಿಕೆ ಆಗದೇ ಇದ್ದಿದ್ದರೆ ಆ ರಕ್ತವೇ ತಂಗಿಯನ್ನ ಕೊಲ್ಲುತ್ತಿತ್ತು. ಅದೃಷ್ಟಕ್ಕೆ ಉಳಿದಳು. ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಉಳಿದ ಸರ್ಜನ್‌ಗಳು ಶುಚಿತ್ವದ ಬಗ್ಗೆ ತಲೆ ಕೆಡಿಸಿಕೊಳ್ಳದೆ ಇದ್ದಾಗ, ಅವರ ಥಿಯೇಟರಿನಲ್ಲಿ ಕೆಲಸ ಮಾಡೋಲ್ಲ ಅಂತ, ಬಂಧುಬಳಗದಿಂದ ಹಣ ಸೇರಿಸಿ ಆಸ್ಪತ್ರೆ ಆವರಣದಲ್ಲೇ ಒಂದು ಟೆಂಟ್ ಹಾಕಿಸಿ ಅದರೊಳಗೆ ಆಪರೇಷನ್ ಶುರು ಮಾಡಿದ.

ಪ್ರಯೋಗಕ್ಕೆ ತಾನೇ ಬಲಿ

1884ರ ಸೆಪ್ಟೆಂಬರ್‌ನಲ್ಲಿ ಯುರೋಪಿನಿಂದ ಒಂದು ಸುದ್ದಿ ಬಂತು. ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ, ಕೊಕೇನ್ ದ್ರಾವಣದ ಕೆಲವು ಹನಿ ಹಾಕಿದರೆ ಕಣ್ಣು ಮರಗಟ್ಟುತ್ತೆ, ನೋವಿಲ್ಲದೆ ಕಣ್ಣಿನ ಆಪರೇಷನ್ ಮಾಡಬಹುದು ಅಂತ ತೋರಿಸಿದ್ದ. ಆಗ ಇದ್ದ ಅರಿವಳಿಕೆ ಅಂದ್ರೆ ಈಥರ್ ಮತ್ತು ಕ್ಲೋರೋಫಾರ್ಮ್. ಎರಡೂ ಇಡೀ ಮನುಷ್ಯನನ್ನೇ ಮಲಗಿಸುತ್ತಿದ್ದವು, ಅಪಾಯವೂ ಇತ್ತು.

ಹಾಲ್‌ಸ್ಟೆಡ್ ಇನ್ನೊಂದು ಹೆಜ್ಜೆ ಮುಂದೆ ಯೋಚಿಸಿದ. ಕಣ್ಣಿನ ಮೇಲ್ಮೈಗೆ ಹನಿ ಹಾಕೋ ಬದಲು ನೋವನ್ನ ಹೊತ್ತೊಯ್ಯೋ ನರದ ಬುಡಕ್ಕೇ ಚುಚ್ಚಿದರೆ? ಮನೆಗೆ ಹೋಗೋ ವಿದ್ಯುತ್ತನ್ನ ಒಂದೊಂದು ಸ್ವಿಚ್ಚಿನಲ್ಲಿ ಆರಿಸೋ ಬದಲು ಫ್ಯೂಸ್ ಕಿತ್ತಂತೆ, ಆ ನರ ಹರಡಿರೋ ಇಡೀ ಭಾಗ ಜಡವಾಗಬೇಕು. ತಾನು, ರಿಚರ್ಡ್ ಹಾಲ್ ಮತ್ತು ಇನ್ನು ಕೆಲವು ಗೆಳೆಯರು, ವಿದ್ಯಾರ್ಥಿಗಳು ಸೇರಿಕೊಂಡು ಒಬ್ಬರಿಗೊಬ್ಬರು ಚುಚ್ಚಿಕೊಂಡು ಪರೀಕ್ಷೆ ಮಾಡಿದರು. ಎಣಿಸಿದ ಹಾಗೇ ಆಯ್ತು. ಇವತ್ತು ಹಲ್ಲು ಕೀಳಿಸೋಕೆ ಹೋದಾಗ ದವಡೆಗೆ ಒಂದು ಇಂಜೆಕ್ಷನ್ ಕೊಟ್ಟು ಅರ್ಧ ಬಾಯಿ ಜಡ ಮಾಡ್ತಾರಲ್ಲ, ಅದು ಆ ತಿಂಗಳುಗಳಲ್ಲಿ ಹುಟ್ಟಿದ್ದು.

ಕೊಕೇನ್ ಚಟ ಹಿಡಿಸುತ್ತೆ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. 1885ರಲ್ಲಿ ಆತ ನ್ಯೂಯಾರ್ಕಿನ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ಲೇಖನದ ಮೊದಲ ವಾಕ್ಯವನ್ನ ಎಷ್ಟು ಸಲ ಓದಿದರೂ ತಲೆಬುಡ ಅರ್ಥ ಆಗಲ್ಲ. ಕರ್ತೃ, ಕ್ರಿಯೆ ಎಲ್ಲೋ ಕಳೆದುಹೋಗಿವೆ. ಬರೆದವನು ಯಾವ ಸ್ಥಿತಿಯಲ್ಲಿದ್ದ ಅನ್ನೋದಕ್ಕೆ ಅದೇ ಸಾಕ್ಷಿ. ರಿಚರ್ಡ್ ಹಾಲ್ ನ್ಯೂಯಾರ್ಕ್ ಬಿಟ್ಟು ದೂರದ ಕ್ಯಾಲಿಫೋರ್ನಿಯಾಕ್ಕೆ ಹೋಗಿ 1897ರಲ್ಲಿ ತೀರಿಕೊಂಡ. ನಗರದ ಅತ್ಯಂತ ಭರವಸೆಯ ಸರ್ಜನ್ ಅನ್ನಿಸಿಕೊಂಡಿದ್ದ ಹಾಲ್‌ಸ್ಟೆಡ್ 1886ರಲ್ಲಿ ಪ್ರಾವಿಡೆನ್ಸ್ ಊರಿನ ಬಟ್ಲರ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿ ಸೇರಿದ. ಅಲ್ಲಿ ಕೊಕೇನ್ ಬಿಡಿಸೋಕೆ ಮಾರ್ಫಿನ್ ಕೊಟ್ಟರು. ಅದು ಆ ಕಾಲದ ಚಿಕಿತ್ಸೆ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂತು ಅಷ್ಟೇ.

ವೃತ್ತಿ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದು ವಿಲಿಯಂ ವೆಲ್ಚ್ ಅನ್ನೋ ಗೆಳೆಯನಿಂದ. ಬಾಲ್ಟಿಮೋರ್‌ನಲ್ಲಿ ಹೊಸದಾಗಿ ತಲೆ ಎತ್ತುತ್ತಿದ್ದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ವೆಲ್ಚ್ ರೋಗಶಾಸ್ತ್ರದ ಪ್ರೊಫೆಸರ್. 1886ರ ಡಿಸೆಂಬರ್‌ನಲ್ಲಿ ಹಾಲ್‌ಸ್ಟೆಡ್‌ನನ್ನ ಕರೆಸಿ, ತನ್ನ ಜೊತೆಗೇ ಉಳಿಸಿಕೊಂಡು, ತನ್ನ ಲ್ಯಾಬಿನಲ್ಲಿ ಒಂದು ಜಾಗ ಕೊಟ್ಟ. ಆಪರೇಷನ್ ಇಲ್ಲ, ರೋಗಿಗಳಿಲ್ಲ, ಬರೀ ಪ್ರಯೋಗ.

ಕರುಳಿನ ಯಾವ ಪದರ ಭಾರ ತಡೆಯುತ್ತೆ?

ನಮ್ಮ ಮೆಕ್ಯಾನಿಕಲ್, ಸಿವಿಲ್ ಗೆಳೆಯರಿಗೆ ಇಷ್ಟವಾಗೋ ಭಾಗ ಇದು. ಕರುಳನ್ನ ಕತ್ತರಿಸಿ ಮತ್ತೆ ಜೋಡಿಸಿದರೆ ಹೊಲಿಗೆ ಬಿಟ್ಟುಹೋಗಿ, ಒಳಗಿನ ಕಲ್ಮಶ ಹೊಟ್ಟೆಗೆ ಸೋರಿ ರೋಗಿ ಸಾಯೋದು ಆಗ ಮಾಮೂಲು. ಸೂಜಿಯನ್ನ ಎಷ್ಟು ಆಳ ಚುಚ್ಚಬೇಕು ಅನ್ನೋದರ ಬಗ್ಗೆ ಒಬ್ಬೊಬ್ಬ ಸರ್ಜನ್‌ಗೆ ಒಂದೊಂದು ನಂಬಿಕೆ.

ಅದೇ ಲ್ಯಾಬಿನಲ್ಲಿ ಫ್ರಾಂಕ್ಲಿನ್ ಮಾಲ್ ಎಂಬಾತ ಕರುಳಿನ ಗೋಡೆಯ ಪದರಗಳನ್ನ ಬಿಡಿಸಿ ಅಧ್ಯಯನ ಮಾಡ್ತಿದ್ದ. ಹಾಲ್‌ಸ್ಟೆಡ್ ಆತನ ಜೊತೆ ಸೇರಿ, ನಾಯಿಗಳ ಕರುಳಿನ ಮೇಲೆ ಒಂದೊಂದು ಪದರಕ್ಕೂ ಹೊಲಿಗೆ ಹಾಕಿ ಪರೀಕ್ಷಿಸಿದ. ಹೊರಗಿನ ತೆಳು ಪೊರೆ, ಅದರ ಕೆಳಗಿನ ಸ್ನಾಯು, ಎರಡೂ ದಾರ ಎಳೆದರೆ ಹರಿದುಹೋಗುತ್ತವೆ. ಒಳಮೈಯ ಲೋಳೆಪೊರೆಯೂ ಹಾಗೇ. ಆದರೆ ಲೋಳೆಪೊರೆಗೂ ಸ್ನಾಯುವಿಗೂ ನಡುವೆ ನಾರಿನಂಥ ಒಂದು ತೆಳ್ಳನೆ ಪದರ ಇದೆ. ಜೋಡಣೆಯ ಬಲವೆಲ್ಲ ಅದರದ್ದೇ. ಸೂಜಿ ಆ ಪದರದ ಒಂದೆರಡು ಎಳೆಯನ್ನಾದರೂ ಹಿಡಿಯಬೇಕು, ಆದರೆ ಅದನ್ನ ದಾಟಿ ಕರುಳಿನ ಒಳಗೆ ಹೋಗಬಾರದು. ಹೋದರೆ ಸೋಂಕು ದಾರದ ಜೊತೆ ಹೊರಗೆ ಬರುತ್ತೆ. ಸ್ವಲ್ಪ ಪಳಗಿದ ಕೈಗೆ ಸೂಜಿಯ ತುದಿಯಲ್ಲೇ ಆ ಪದರದ ತಡೆ ಗೊತ್ತಾಗುತ್ತೆ ಅಂತಲೂ ಕಂಡುಕೊಂಡ.

1887ರಲ್ಲಿ ಇದು ಪ್ರಕಟವಾಯ್ತು. ಬೊಜ್ಜು ಇಳಿಸೋಕೆ ಇವತ್ತು ಜಠರವನ್ನ ಚಿಕ್ಕದು ಮಾಡಿ ಸಣ್ಣ ಕರುಳಿಗೆ ಜೋಡಿಸೋ ಬೈಪಾಸ್ ಆಪರೇಷನ್ ಮಾಡ್ತಾರಲ್ಲ, ಅಲ್ಲಿ ಕೂಡ ಜೋಡಣೆ ಬಿಡದ ಹಾಗೆ ಹಿಡಿದಿಡೋದು ಇದೇ ಪದರ. ಸ್ಟೇಪ್ಲರ್ ಬಂದರೂ ಈ ನಿಯಮ ಬದಲಾಗಿಲ್ಲ.

ಇದನ್ನೆಲ್ಲ ಮಾಡ್ತಿದ್ದ ಹೊತ್ತಲ್ಲೇ ಆತ ಮತ್ತೆ ಬಿದ್ದ. 1887ರಲ್ಲಿ ಎರಡನೇ ಸಲ ಬಟ್ಲರ್ ಆಸ್ಪತ್ರೆ ಸೇರಬೇಕಾಯ್ತು. ಮತ್ತೆ ಬಾಲ್ಟಿಮೋರ್‌ಗೆ ಬಂದ. ವೆಲ್ಚ್ ಮತ್ತೆ ಜಾಗ ಕೊಟ್ಟ.

ಗ್ಲೌಸ್ ಬಂದ ಬಗೆ

1889ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಹಾಲ್‌ಸ್ಟೆಡ್‌ನನ್ನ ಮೊದಲು ಅನುಮಾನದಿಂದಲೇ ತೆಗೆದುಕೊಂಡರು, 1892ರ ಹೊತ್ತಿಗೆ ಸರ್ಜರಿ ಪ್ರೊಫೆಸರ್ ಮಾಡಿದರು. ಹೊಸ ಹಾಲ್‌ಸ್ಟೆಡ್ ಬೇರೆ ಮನುಷ್ಯ. ನ್ಯೂಯಾರ್ಕಿನ ಚುರುಕು, ಗೆಳೆಯರ ಗುಂಪು, ನಗು ಎಲ್ಲ ಹೋಗಿತ್ತು. ಯಾರ ಜೊತೆಗೂ ಹೆಚ್ಚು ಬೆರೆಯಲ್ಲ, ಮಾತು ಕಡಿಮೆ, ಆಡಿದರೆ ಚುಚ್ಚುಮಾತು. ಶರ್ಟುಗಳನ್ನ ಒಗೆಸೋಕೆ ಪ್ಯಾರಿಸ್‌ಗೆ ಕಳಿಸುತ್ತಿದ್ದನಂತೆ. ಥಿಯೇಟರಿನಲ್ಲಿ ಮಾತ್ರ ನಿಧಾನ, ಅತಿ ನಿಧಾನ. ಬೇಗ ಮುಗಿಸೋದೇ ಜಾಣತನ ಅಂತಿದ್ದ ಕಾಲದಲ್ಲಿ ಆತ ಒಂದೊಂದು ರಕ್ತನಾಳವನ್ನೂ ಸಣ್ಣ ಚಿಮಟದಿಂದ ಹಿಡಿದು, ತೆಳ್ಳನೆ ರೇಷ್ಮೆ ದಾರದಿಂದ ಕಟ್ಟಿ, ಅಂಗಾಂಶವನ್ನ ಎಳೆದಾಡದೆ, ಪದರಕ್ಕೆ ಪದರ ಸೇರಿಸಿ ಮುಚ್ಚುತ್ತಿದ್ದ. ಅರಿವಳಿಕೆ ಇದ್ದ ಮೇಲೆ ಅವಸರ ಯಾಕೆ ಅನ್ನೋದು ಆತನ ಲೆಕ್ಕ. ಗಾಯಗಳು ಬೇಗ ಮಾಯುತ್ತಿದ್ದವು.

ಆತನ ಥಿಯೇಟರಿನ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಕೈ ತೊಳೆಯೋಕೆ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಆಕೆಯ ಕೈಯ ಚರ್ಮ ಕಿತ್ತುಬರುತ್ತಿತ್ತು. ಹೀಗೇ ಆದರೆ ಆಕೆ ಕೆಲಸ ಬಿಡಬೇಕಾಗುತ್ತೆ. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ಮುಂಗೈ ತನಕ ಬರೋ ಎರಡು ಜೊತೆ ತೆಳ್ಳನೆ ಗ್ಲೌಸ್ ಮಾಡಿಸಿದ. 1890ರ ಜೂನ್‌ನಲ್ಲಿ ಇಬ್ಬರಿಗೂ ಮದುವೆಯಾಯ್ತು.

ಇಲ್ಲಿ ಗಮನಿಸಬೇಕಾದ ವಿಷಯ ಇದೆ. ಗ್ಲೌಸ್ ಬಂದದ್ದು ಆಕೆಯ ಕೈ ಕಾಪಾಡೋಕೆ. ರೋಗಿಯನ್ನ ಸೋಂಕಿನಿಂದ ಕಾಪಾಡೋ ಯೋಚನೆ ಆಗ ಇರಲೇ ಇಲ್ಲ. ಸಹಾಯಕರು ಹಾಕಿಕೊಳ್ಳುತ್ತಿದ್ದರು, ಕೊಯ್ಯುವವನು ಬರಿಗೈ. ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಎಲ್ಲ ಆಪರೇಷನ್‌ಗೂ ಗ್ಲೌಸ್ ಹಾಕೋದನ್ನ ರೂಢಿ ಮಾಡಿಕೊಂಡು, 1899ರಲ್ಲಿ ಹರ್ನಿಯಾ ಆಪರೇಷನ್‌ಗಳ ಅಂಕಿಅಂಶ ಮುಂದಿಟ್ಟ. ನೂರಕ್ಕೆ 17ರಷ್ಟಿದ್ದ ಸೋಂಕು 2ಕ್ಕಿಂತ ಕೆಳಗಿಳಿದಿತ್ತು. ಇಷ್ಟು ವರ್ಷ ಇದು ಕಣ್ಣ ಮುಂದೆಯೇ ಇದ್ದರೂ ಕಾಣಲಿಲ್ಲವಲ್ಲ ಅಂತ ಹಾಲ್‌ಸ್ಟೆಡ್ ಆಮೇಲೆ ಒಪ್ಪಿಕೊಂಡ.

ಪಿತ್ತನಾಳದ ಪ್ಲಂಬಿಂಗ್

ತಾಯಿಯ ಕಾಯಿಲೆಯನ್ನ ಆತ ಮರೆತಿರಲಿಲ್ಲ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ಶೇಖರಣೆ ಆಗೋದು ಅದರ ಕೆಳಗೆ ಅಂಟಿಕೊಂಡಿರೋ ಪಿತ್ತಕೋಶದಲ್ಲಿ. ಅಲ್ಲಿಂದ ಒಂದು ಸಪೂರ ನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತೆ. ಮೇದೋಜೀರಕ ಗ್ರಂಥಿಯ ನಾಳವೂ ಕೊನೆಯಲ್ಲಿ ಅದಕ್ಕೇ ಬಂದು ಸೇರಿ, ಸಾಮಾನ್ಯವಾಗಿ ಎರಡಕ್ಕೂ ಒಂದೇ ಬಾಯಿ. ಕಲ್ಲು ಪಿತ್ತಕೋಶದಲ್ಲಿ ಸುಮ್ಮನೆ ಕೂತಿದ್ದರೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಜಾರಿ ನಾಳಕ್ಕೆ ಬಂದು ಸಿಕ್ಕಿಕೊಂಡರೆ ತೊಂದರೆ ಶುರು.

ಆ ನಾಳವನ್ನ ಕೊಯ್ದು ಕಲ್ಲು ತೆಗೆಯಬಹುದು, ಆದರೆ ಮುಚ್ಚೋದು ಹೇಗೆ? ಕೆಲವೇ ಮಿಲಿಮೀಟರ್ ಅಗಲ, ಒದ್ದೆ ಕಾಗದದಷ್ಟು ಮೆತ್ತಗಿನ ಗೋಡೆ, ಹೊಟ್ಟೆಯ ಆಳದಲ್ಲಿ ಜಾಗ. ಹೊಲಿಯೋಕೆ ಹೋದರೆ ಎದುರಿನ ಗೋಡೆಗೇ ಸೂಜಿ ಹೊಕ್ಕುಬಿಡುತ್ತೆ. 1898ರಲ್ಲಿ ಹಾಲ್‌ಸ್ಟೆಡ್ ಇದಕ್ಕೆ ಒಂದು ಉಪಾಯ ಪ್ರಕಟಿಸಿದ: ಪುಟಾಣಿ ಲೋಹದ ಸುತ್ತಿಗೆ. ಸುತ್ತಿಗೆಯ ತಲೆ ನಾಳದೊಳಗೆ, ಹಿಡಿ ಹೊರಗೆ. ಹಿಡಿಯನ್ನ ಮೇಲಕ್ಕೆತ್ತಿದರೆ ಆಳದಲ್ಲಿದ್ದ ನಾಳ ಹತ್ತಿರ ಬರುತ್ತೆ, ಗೋಡೆ ಬಿಗಿಯಾಗುತ್ತೆ, ಸೂಜಿಗೆ ಒಂದು ಗಟ್ಟಿ ಆಸರೆ ಸಿಗುತ್ತೆ. ಹೊಲಿಗೆಯ ದಾರಗಳನ್ನೆಲ್ಲ ಹಾಕಿಟ್ಟು, ಸುತ್ತಿಗೆ ಹೊರಗೆ ತೆಗೆದು, ಆಮೇಲೆ ಗಂಟು. ನಮ್ಮ ವರ್ಕ್‌ಶಾಪಿನಲ್ಲಿ ಕೆಲಸದ ವಸ್ತು ಅಲ್ಲಾಡದ ಹಾಗೆ ಜಿಗ್ ಮಾಡಿಕೊಳ್ತೀವಲ್ಲ, ಅದೇ.

ಅದೇ ವರ್ಷ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದ. ಪಿತ್ತನಾಳ ಕರುಳಿಗೆ ತೆರೆಯೋ ಬಾಯಲ್ಲೇ ಕ್ಯಾನ್ಸರ್ ಬೆಳೆದು ಕಾಮಾಲೆಯಾಗಿದ್ದ ಮಹಿಳೆಯೊಬ್ಬರಿಗೆ, ಗಡ್ಡೆ ಇದ್ದ ಕರುಳಿನ ತುಂಡನ್ನೇ ಕತ್ತರಿಸಿ ತೆಗೆದು, ಪಿತ್ತನಾಳವನ್ನೂ ಮೇದೋಜೀರಕದ ನಾಳವನ್ನೂ ಮತ್ತೆ ಕರುಳಿಗೆ ಕೂಡಿಸಿದ. ಆ ಜಾಗದ ಗಡ್ಡೆಯನ್ನ ಯಶಸ್ವಿಯಾಗಿ ತೆಗೆದದ್ದು ಅದೇ ಮೊದಲು. ರೋಗಿ ಚೇತರಿಸಿಕೊಂಡರು, ಆದರೆ ಕ್ಯಾನ್ಸರ್ ಮರಳಿ ಬಂದು ಕೆಲವೇ ತಿಂಗಳಲ್ಲಿ ತೀರಿಕೊಂಡರು. ದಾರಿ ಇದೆ ಅನ್ನೋದು ಗೊತ್ತಾಯ್ತು, ಆ ದಾರಿ ಎಷ್ಟು ದೂರ ಅನ್ನೋದೂ.

1901ರಲ್ಲಿ ಮೇದೋಜೀರಕದ ತೀವ್ರ ಉರಿಯೂತದಿಂದ ರೋಗಿಯೊಬ್ಬ ಸತ್ತ. ಶವಪರೀಕ್ಷೆ ಮಾಡಿದ ಯೂಜೀನ್ ಓಪಿಗೆ ಎರಡು ನಾಳಗಳ ಆ ಒಂದೇ ಬಾಯಲ್ಲಿ ಸಿಕ್ಕಿಕೊಂಡಿದ್ದ ಪುಟ್ಟ ಕಲ್ಲು ಕಾಣಿಸಿತು. ಬಾಯಿ ಮುಚ್ಚಿದರೂ ಎರಡು ನಾಳಗಳ ನಡುವಿನ ದಾರಿ ತೆರೆದೇ ಇತ್ತು. ಅಂದರೆ ಪಿತ್ತರಸ ಹಿಮ್ಮುಖವಾಗಿ ಮೇದೋಜೀರಕಕ್ಕೆ ನುಗ್ಗಿರಬೇಕು. ಊಹೆಯಲ್ಲಿ ನಿಲ್ಲದೆ, ನಾಯಿಗಳ ಮೇದೋಜೀರಕದ ನಾಳಕ್ಕೆ ಪಿತ್ತರಸ ತುಂಬಿ ನೋಡಿದಾಗ ಅದೇ ಕಾಯಿಲೆ ಬಂತು. ಒಳಗೆ ನಿಖರವಾಗಿ ಏನಾಗುತ್ತೆ ಅನ್ನೋದರ ಬಗ್ಗೆ ವಾದ ಆಮೇಲೂ ನಡೆದಿದೆ. ಆದರೆ ಪಿತ್ತದ ಕಲ್ಲಿಗೂ ಮೇದೋಜೀರಕದ ಉರಿಯೂತಕ್ಕೂ ನಂಟಿದೆ ಅನ್ನೋದು ಅಂದಿನಿಂದ ಪಾಠದ ಭಾಗ.

ಶಿಷ್ಯರು, ಮತ್ತು ಒಂದು ದೊಡ್ಡ ತಪ್ಪು

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಪಿಜಿ ಮಾಡೋರನ್ನ ರೆಸಿಡೆಂಟ್ ಅಂತಾರಲ್ಲ, ಸರ್ಜರಿಯಲ್ಲಿ ಆ ಪದ್ಧತಿಯನ್ನ ಅಮೆರಿಕದಲ್ಲಿ ಕಟ್ಟಿದವನೂ ಹಾಲ್‌ಸ್ಟೆಡ್. ಆಸ್ಪತ್ರೆಯಲ್ಲೇ ವಾಸ, ವರ್ಷ ಕಳೆದ ಹಾಗೆ ಹೆಚ್ಚುವ ಜವಾಬ್ದಾರಿ, ಕೊನೆಗೆ ಸ್ವತಂತ್ರ ಸರ್ಜನ್. ಮೆದುಳಿನ ಸರ್ಜರಿಗೆ ಅಡಿಪಾಯ ಹಾಕಿದ ಹಾರ್ವೆ ಕುಶಿಂಗ್ ಮತ್ತು ವಾಲ್ಟರ್ ಡ್ಯಾಂಡಿ, ಮೂತ್ರಾಂಗದ ಸರ್ಜರಿಯ ಹ್ಯೂ ಯಂಗ್ ಎಲ್ಲರೂ ಈ ಗರಡಿಯವರೇ. ಗುರು ಮಾತ್ರ ಆಗಾಗ ಕಾಣೆ. ವಾರಗಟ್ಟಲೆ ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಾರ್ತ್ ಕೆರೊಲಿನಾದ ತೋಟದ ಮನೆಯಲ್ಲಿ ಡೇಲಿಯಾ ಹೂವು ಬೆಳೆಸಿಕೊಂಡಿರುತ್ತಿದ್ದ. ಆತ ಇಲ್ಲದಾಗ ಶಿಷ್ಯರೇ ಎಲ್ಲ ನಿಭಾಯಿಸಿ ಗಟ್ಟಿಯಾದರು.

ತಪ್ಪೂ ಸಣ್ಣದಲ್ಲ. ಸ್ತನ ಕ್ಯಾನ್ಸರ್ ಸುತ್ತಲಿನ ಅಂಗಾಂಶಕ್ಕೆ ಹಂತಹಂತವಾಗಿ ಹರಡುತ್ತೆ, ಆದ್ದರಿಂದ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ಒಟ್ಟಿಗೆ ತೆಗೆದುಬಿಟ್ಟರೆ ರೋಗ ಹೋಗುತ್ತೆ ಅಂತ ಆತ ನಂಬಿದ. 1894ರಲ್ಲಿ 50 ರೋಗಿಗಳ ವರದಿ ಕೊಟ್ಟ. ಆಪರೇಷನ್ ಆದ ಜಾಗದಲ್ಲಿ ಕ್ಯಾನ್ಸರ್ ಮರಳೋದು ನಿಜಕ್ಕೂ ಕಡಿಮೆಯಾಗಿತ್ತು. ಹಾಗಾಗಿ ಮುಂದಿನ ಮುಕ್ಕಾಲು ಶತಮಾನ ಲೆಕ್ಕವಿಲ್ಲದಷ್ಟು ಹೆಂಗಸರು ಈ ಕಠಿಣ ಆಪರೇಷನ್‌ಗೆ ಒಳಗಾಗಿ, ತೋಳೆತ್ತೋಕೆ ಕಷ್ಟಪಡುತ್ತಾ, ಊದಿದ ಕೈ ಹೊತ್ತು ಬದುಕಿದರು. 1970ರ ದಶಕದಿಂದ ಬರ್ನಾರ್ಡ್ ಫಿಶರ್ ನಡೆಸಿದ ಹೋಲಿಕೆ ಪರೀಕ್ಷೆಗಳಲ್ಲಿ, ಅಷ್ಟೆಲ್ಲ ಕತ್ತರಿಸಿದರೂ ಜನ ಹೆಚ್ಚು ಕಾಲ ಬದುಕಲ್ಲ ಅನ್ನೋದು ಸಾಬೀತಾಯ್ತು. ಕರುಳಿನ ಹೊಲಿಗೆಯ ವಿಷಯದಲ್ಲಿ ಪದರ ಪದರವಾಗಿ ಪರೀಕ್ಷೆ ಮಾಡಿದ ಮನುಷ್ಯ, ಇಲ್ಲಿ ತನ್ನ ಊಹೆಯನ್ನ ಇನ್ನೊಂದು ವಿಧಾನದ ಪಕ್ಕದಲ್ಲಿಟ್ಟು ತೂಗಿರಲಿಲ್ಲ. ಆತನ ಹೆಸರಿನ ತೂಕಕ್ಕೆ ಹೆದರಿ ಬೇರೆಯವರೂ ಬಹುಕಾಲ ತೂಗಲಿಲ್ಲ.

ಕೊನೆಯ ಕಲ್ಲು

1919ರಲ್ಲಿ ಹಾಲ್‌ಸ್ಟೆಡ್‌ಗೇ ಪಿತ್ತದ ಕಲ್ಲು ಕಾಣಿಸಿಕೊಂಡಿತು. ಹಳೆಯ ಶಿಷ್ಯ ರಿಚರ್ಡ್ ಫಾಲಿಸ್ ಪಿತ್ತಕೋಶ ತೆಗೆದ. ಮೂರು ವರ್ಷ ಆರಾಮವಿತ್ತು. ಆ ನಡುವೆ 1922ರಲ್ಲಿ ಅಮೆರಿಕದ ದಂತವೈದ್ಯರು ನರಕ್ಕೆ ಅರಿವಳಿಕೆ ಕೊಡೋ ವಿಧಾನ ಮೊದಲು ಕಂಡುಹಿಡಿದವನು ಇವನೇ ಅಂತ ಗೌರವಿಸಿದರು. ಬದುಕನ್ನೇ ಬಲಿ ತೆಗೆದುಕೊಂಡ ಆ ಪ್ರಯೋಗಕ್ಕೆ ಮನ್ನಣೆ ಸಿಗೋಕೆ ಮೂವತ್ತೇಳು ವರ್ಷ ಬೇಕಾಯ್ತು.

ಅದೇ ಬೇಸಿಗೆಯಲ್ಲಿ ನೋವು, ಕಾಮಾಲೆ ಮರಳಿತು. ಪಿತ್ತನಾಳದಲ್ಲೇ ಕಲ್ಲು. ತಾನು ತರಬೇತಿ ಕೊಟ್ಟ ಜಾರ್ಜ್ ಹ್ಯೂಯರ್ ಮತ್ತು ಮಾಂಟ್ ರೀಡ್ ಆಪರೇಷನ್ ಮಾಡಿದರು. ಪುಟ್ಟ ಸುತ್ತಿಗೆ ಹಿಡಿದು ಯಾವ ನಾಳವನ್ನ ಹೊಲಿಯೋದು ಹೇಳಿಕೊಟ್ಟಿದ್ದನೋ ಅದೇ ನಾಳವನ್ನ ಶಿಷ್ಯರು ಗುರುವಿನ ಹೊಟ್ಟೆಯಲ್ಲಿ ತೆರೆದರು. ಕಲ್ಲು ಸಿಕ್ಕಿತು. ಆದರೆ ಆಮೇಲೆ ನ್ಯುಮೋನಿಯಾ ಸೇರಿ ತೊಡಕುಗಳು ಒಂದರ ಹಿಂದೊಂದು ಬಂದು, 1922ರ ಸೆಪ್ಟೆಂಬರ್ 7ರಂದು ತೀರಿಕೊಂಡ. ಎಪ್ಪತ್ತು ತುಂಬೋಕೆ ಹದಿನಾರು ದಿನ ಬಾಕಿ ಇತ್ತು. ನವೆಂಬರ್‌ನಲ್ಲಿ ಕ್ಯಾರೊಲಿನ್ ಕೂಡ ಹೋದರು.

ಲೋಕದ ಕಣ್ಣಿಗೆ ಆತ ಚಟವನ್ನ ಗೆದ್ದು ಬಂದವನು. ಆದರೆ ಸಹೋದ್ಯೋಗಿ ವಿಲಿಯಂ ಆಸ್ಲರ್ ಬರೆದು ಮುಚ್ಚಿಟ್ಟಿದ್ದ ಒಂದು ದಾಖಲೆ 1969ರಲ್ಲಿ ತೆರೆದಾಗ ಬೇರೆಯೇ ವಿಷಯ ಹೊರಬಂತು. ಆಸ್ಪತ್ರೆ ಶುರುವಾಗಿ ವರ್ಷಗಳಾದರೂ ಆತ ದಿನಾ ಮಾರ್ಫಿನ್ ತೆಗೆದುಕೊಳ್ಳುತ್ತಲೇ ಇದ್ದ. ಆಸ್ಲರ್‌ಗೆ ಗೊತ್ತಿತ್ತು. ಕಾಣೆಯಾಗುತ್ತಿದ್ದ ವಾರಗಳು, ದೂರದ ತೋಟ, ಯಾರನ್ನೂ ಹತ್ತಿರ ಬಿಡದ ಸ್ವಭಾವ, ಎಲ್ಲಕ್ಕೂ ಆಗ ಬೇರೆ ಅರ್ಥ ಕಾಣಿಸಿತು.

ಅಂದರೆ ಹೊಲಿಗೆಯ ನಿಯಮ, ಗ್ಲೌಸ್, ಸುತ್ತಿಗೆ, ರೆಸಿಡೆಂಟ್ ಪದ್ಧತಿ ಎಲ್ಲವನ್ನೂ ಕೊಟ್ಟವನು ಪೂರ್ತಿ ವಾಸಿಯಾಗದ ಒಬ್ಬ ರೋಗಿ. ಚಟದಿಂದ ಪ್ರತಿಭೆ ಬಂತು ಅಂತ ಯಾರೂ ಓದಿಕೊಳ್ಳಬಾರದು. ಅದೇ ಪ್ರಯೋಗ ಮಾಡಿದ ರಿಚರ್ಡ್ ಹಾಲ್‌ನ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಹಾಲ್‌ಸ್ಟೆಡ್‌ಗೆ ಸಿಕ್ಕಿದ್ದು ಬಿದ್ದಾಗ ಬಾಗಿಲು ತೆರೆದ ಒಬ್ಬ ಗೆಳೆಯ, ಎರಡನೇ ಸಲ ಬಿದ್ದಾಗಲೂ ಮುಚ್ಚದ ಅದೇ ಬಾಗಿಲು, ಮತ್ತು ಬೆಳಿಗ್ಗೆ ಎದ್ದರೆ ಹೋಗಿ ಕೂರೋಕೆ ಒಂದು ಲ್ಯಾಬ್. ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲೂ ನಾಲ್ಕು ದಿನದಿಂದ ಕ್ಲಾಸಿಗೆ ಬಾರದ, ಮಾತು ಕಡಿಮೆ ಮಾಡಿದ ಒಬ್ಬ ಇರಬಹುದು. ಅವನ ರೂಮಿನ ಬಾಗಿಲು ತಟ್ಟೋಕೆ ನಾವು ಪ್ರೊಫೆಸರ್ ವೆಲ್ಚ್ ಆಗಬೇಕಾಗಿಲ್ಲ.